ಮಳೆಸೀಮೆಯಲ್ಲಿ ಲೆನ್ಸ್ ಕಾಯುವವರಿಗೆ ಕಿವಿಮಾತು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜುಲೈ ಬಂತೆಂದರೆ ಮಂಗಳೂರು, ಉಡುಪಿ, ಕಾರವಾರಗಳ ಗಾಳಿಯಲ್ಲಿ ಆರ್ದ್ರತೆ ಬಹುತೇಕ ದಿನ ಶೇ. 85ಕ್ಕಿಂತ ಕೆಳಗಿಳಿಯುವುದಿಲ್ಲ. ಆದರೂ ಕ್ಯಾಮೆರಾ ಹಿಡಿದವರನ್ನು ಈ ಸೀಮೆ ಬಿಡದೆ ಕರೆಯುತ್ತದೆ. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದದ್ದು ಮೂಡಿಗೆರೆಯ ಕಾಡಂಚಿನಲ್ಲಿ. ಇಂದಿಗೂ ಕಪ್ಪೆ, ಅಣಬೆ, ಹಾರ್ನ್‌ಬಿಲ್‌, ಜಲಪಾತ ಎಂದು ಹೊರಡುವ ಹುಡುಗ ಹುಡುಗಿಯರು ಮಳೆ ಹಿಡಿದಾಗಲೇ ಘಟ್ಟ ಹತ್ತುತ್ತಾರೆ.

ಮದುವೆ ಫೋಟೊ ತೆಗೆದು ಕೂಡಿಟ್ಟ ದುಡ್ಡಿನಲ್ಲೋ, ಕಂತಿನಲ್ಲೋ ಲೆನ್ಸ್ ಕೊಂಡವರು ಈಗ ಅದರ ಜೊತೆಗೇ ಒಳಗಿನ ಗಾಳಿಯನ್ನು ಒಣಗಿಸಿಡುವ ಕಪಾಟು, ಅಂದರೆ ಒಂದು ಡ್ರೈ ಕ್ಯಾಬಿನೆಟ್‌ ಕೂಡ ಕೊಳ್ಳುತ್ತಿದ್ದಾರೆ. ಒಳ್ಳೆಯ ಬುದ್ಧಿ. ಆದರೆ ಕಪಾಟಿನೊಳಗಿಟ್ಟ ಲೆನ್ಸಿಗೂ ಬೂಷ್ಟು ಬಂತು ಎಂದು ಎಷ್ಟೋ ಮಂದಿ ಕಂಗಾಲಾಗುತ್ತಾರೆ. ಅದಕ್ಕೆ ಕಾರಣ ಹೆಚ್ಚಿನ ಸಲ ಒಂದೇ: ಒದ್ದೆಯನ್ನು ಒಳಗೆ ತೆಗೆದುಕೊಂಡು ಹೋದವರು ನಾವೇ. ಒಣಗಿದ್ದನ್ನು ಒಣಗಿದಂತೆಯೇ ಕಾಯುವುದು ಕಪಾಟಿನ ಕೆಲಸ. ಒಣಗಿಸುವ, ಒರೆಸುವ, ನೋಡಿಕೊಳ್ಳುವ ಕೆಲಸ ನಮ್ಮದು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಮೊದಲು ಬೂಷ್ಟನ್ನು ಅರ್ಥ ಮಾಡಿಕೊಳ್ಳಿ

• ಬೂಷ್ಟಿನ ಬೀಜಕಣಗಳು ಎಲ್ಲ ಕಡೆಯೂ ಇವೆ. ಗಾಳಿಯಲ್ಲಿ, ಬಟ್ಟೆಯಲ್ಲಿ, ಅಂಗಡಿಯಿಂದ ಈಗಷ್ಟೇ ತಂದ ಹೊಸ ಲೆನ್ಸಿನ ಮೇಲೆ ಕೂಡ. ಅವನ್ನು ಪೂರ್ತಿ ದೂರವಿಡಲು ಯಾರಿಂದಲೂ ಆಗದು. ಆದರೆ ಅವು ಮೊಳೆಯದಂತೆ ತಡೆಯಬಹುದು. ಸುತ್ತಲಿನ ಆರ್ದ್ರತೆ ಶೇ. 65–70 ದಾಟಿ ಹಲವು ದಿನ ಹಾಗೆಯೇ ನಿಂತರೆ ಮೊಳಕೆ ಶುರುವಾಗುತ್ತದೆ. ಶೇ. 60ರ ಕೆಳಗೆ ಅದಕ್ಕೆ ಬದುಕು ಕಷ್ಟ.

• ಬೂಷ್ಟಿಗೆ ಊಟ ಬೇಕು. ಬರೀ ಗಾಜಿನಲ್ಲಿ ಅದಕ್ಕೆ ಏನೂ ಸಿಗುವುದಿಲ್ಲ. ನಮ್ಮ ಬೆರಳಿನ ಜಿಡ್ಡು, ಎಂಜಲ ಹನಿ, ಧೂಳು, ಬಟ್ಟೆಯ ನೂಲು, ಲೆನ್ಸಿನೊಳಗಿನ ಗ್ರೀಸಿನ ಪಸೆ, ಇವೇ ಅದರ ಆಹಾರ. ತೇವ ಎಷ್ಟು ಮುಖ್ಯವೋ ಶುಚಿಯೂ ಅಷ್ಟೇ ಮುಖ್ಯ.

• ಬೆಳೆಯುವಾಗ ಬೂಷ್ಟು ಆಮ್ಲವನ್ನು ಸ್ರವಿಸುತ್ತದೆ. ಲೆನ್ಸಿನ ಮೇಲಿನ ಲೇಪನದ ಒಂದು ಪದರ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ತೆಳು. ಆಮ್ಲ ಅದನ್ನು ಕೊರೆದು ಗಾಜಿಗೆ ಇಳಿಯಿತೆಂದರೆ ಬೂಷ್ಟನ್ನು ಒರೆಸಿ ತೆಗೆದರೂ ಗೆರೆ ಉಳಿಯುತ್ತದೆ. ಈ ಮದ್ದಿಲ್ಲದ ಗಾಯಕ್ಕೆ ಹೆದರಿಯೇ ನಾನು ಇಷ್ಟು ಹೇಳುತ್ತಿರುವುದು.

• ಇದು ಇಂದಿನ ತೊಂದರೆಯೂ ಅಲ್ಲ, ನಮ್ಮೊಬ್ಬರ ತೊಂದರೆಯೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ನ್ಯೂಗಿನಿಯ ಮಳೆಕಾಡುಗಳಲ್ಲಿ ಸೈನಿಕರ ದುರ್ಬೀನುಗಳು ಬೂಷ್ಟು ಹಿಡಿದು ಕುರುಡಾದವು. ಅದಕ್ಕೆ ಪರಿಹಾರ ಹುಡುಕಲು ಮೆಲ್ಬರ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ದುಡಿದರು. ಗಾಜು, ಗ್ರೀಸು, ತೇವ ಮೂರೂ ಸೇರಿದಲ್ಲೆಲ್ಲ ಕಥೆ ಇದೇ.

• ಆರ್ದ್ರತೆಯ ಅಂಕಿ ತಾಪಮಾನದ ಜೊತೆ ಏರಿಳಿಯುತ್ತದೆ. ಬೆಚ್ಚಗಿನ ಗಾಳಿ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ತಣ್ಣಗಿನ ಗಾಳಿ ಕಡಿಮೆ. ಸಂಜೆ 25 ಡಿಗ್ರಿಯಲ್ಲಿ ಶೇ. 70 ಇದ್ದ ಗಾಳಿ ಬೆಳಗಿನ ಜಾವ 20 ಡಿಗ್ರಿಗೆ ತಂಪಾದರೆ, ಹೊಸದಾಗಿ ಒಂದು ಹನಿ ನೀರು ಸೇರದಿದ್ದರೂ, ಆರ್ದ್ರತೆ ಶೇ. 90 ದಾಟುತ್ತದೆ. ಹಗಲು ನೋಡಿದಾಗ ಎಲ್ಲ ಸರಿಯಿತ್ತಲ್ಲ ಎನ್ನುವವರು ರಾತ್ರಿಯ ಲೆಕ್ಕ ಮರೆತಿರುತ್ತಾರೆ.

ಕಪಾಟು ಕೊಳ್ಳುವಾಗ, ಇಡುವಾಗ

• ಇಂದಿನ ಅಗತ್ಯಕ್ಕಿಂತ ಒಂದು ಅಳತೆ ದೊಡ್ಡದನ್ನೇ ಕೊಳ್ಳಿ. ಒತ್ತೊತ್ತಾಗಿ ತುಂಬಿದ ಕಪಾಟಿನಲ್ಲಿ ಗಾಳಿ ಆಡುವುದಿಲ್ಲ. ಮೂಲೆಯ ಲೆನ್ಸಿನ ಸುತ್ತ ತೇವ ನಿಂತೇ ಇರುತ್ತದೆ. ಒಂದು ಲೆನ್ಸಿಗೂ ಇನ್ನೊಂದಕ್ಕೂ ನಡುವೆ ಎರಡು ಬೆರಳು ಸಂದು ಇರಲಿ.

• ಸಾಮಾನ್ಯವಾಗಿ ಎರಡು ಬಗೆಯ ಕಪಾಟು ಸಿಗುತ್ತವೆ. ಒಂದು, ಸಣ್ಣ ತಣ್ಣನೆ ಫಲಕದ ಮೇಲೆ ತೇವವನ್ನು ಹನಿಯಾಗಿಸಿ ಹೊರಗೆ ಆರಿಸುವುದು. ಇನ್ನೊಂದು, ತೇವ ಹೀರುವ ಹರಳುಗಳನ್ನು ಆಗಾಗ ಬಿಸಿ ಮಾಡಿ ಆ ತೇವವನ್ನು ಹೊರಗೆ ಬಿಡುವುದು. ಮೊದಲನೆಯದು ಸೆಕೆಯ ಕರಾವಳಿಯಲ್ಲಿ ಚೆನ್ನಾಗಿ ದುಡಿಯುತ್ತದೆ. ಮಡಿಕೇರಿಯಂಥ ತಂಪು ಊರುಗಳಲ್ಲಿ ಎರಡನೆಯದಕ್ಕೆ ಕೈ ಮೇಲು. ಕೊಳ್ಳುವ ಮೊದಲು ಯಾವ ಬಗೆಯದು ಎಂದು ಕೇಳಿ ತಿಳಿದುಕೊಳ್ಳಿ.

• ಕರೆಂಟ್ ಬಿಲ್ಲಿಗೆ ಹೆದರಬೇಡಿ. ಸಣ್ಣ ಕಪಾಟು ಒಂದು ಎಲ್ಇಡಿ ಬಲ್ಬಿನ ಆಸುಪಾಸಿನಷ್ಟೇ ವಿದ್ಯುತ್ ತಿನ್ನುತ್ತದೆ. ಉಳಿತಾಯಕ್ಕೆಂದು ರಾತ್ರಿ ಸ್ವಿಚ್ ಆರಿಸುವ ಅಭ್ಯಾಸ ಬೇಡವೇ ಬೇಡ. ಗಾಳಿ ತಣ್ಣಗಾಗುವ ರಾತ್ರಿಯಲ್ಲೇ ಅದರ ಅಗತ್ಯ ಹೆಚ್ಚು.

• ಮಳೆಗೆ ಮೈಯೊಡ್ಡಿದ ಪಡುವಣ ಗೋಡೆ, ಬಚ್ಚಲಮನೆಯ ಪಕ್ಕ, ಅಡುಗೆಮನೆಯ ಹಬೆ ಬರುವ ಜಾಗ, ನೇರ ಬಿಸಿಲು ಬೀಳುವ ಕಿಟಕಿ, ಇವು ನಾಲ್ಕೂ ಕಪಾಟಿಗೆ ಸಲ್ಲ. ಮನೆಯ ನಡುಕೋಣೆಯ ಒಳಗೋಡೆ ಒಳ್ಳೆಯದು. ಗೋಡೆಗೆ ಒತ್ತಿ ಇಡದೆ ಹಿಂದೆ ಒಂದು ಗೇಣು ಬಿಡಿ. ಒಳಗಿನ ತೇವ ಹೊರಹೋಗುವ ಬಾಯಿ ಹಿಂಬದಿಯಲ್ಲೇ ಇರುತ್ತದೆ.

• ಮನೆಗೆ ತಂದ ದಿನವೇ ತುಂಬಬೇಡಿ. ಒಂದು ದಿನ ಖಾಲಿಯಾಗಿ ಓಡಿಸಿ, ಅಂಕಿ ಇಳಿದು ನಿಂತ ಮೇಲೆ ಲೆನ್ಸ್ ಇಡಿ. ಹೊಸ ರಬ್ಬರಿನ, ಅಂಟಿನ ವಾಸನೆಯೂ ಅಷ್ಟರಲ್ಲಿ ಇಳಿದಿರುತ್ತದೆ.

• ಬಾಗಿಲ ರಬ್ಬರ್ ಪಟ್ಟಿಯನ್ನು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಪರೀಕ್ಷಿಸಿ. ಹತ್ತು ರೂಪಾಯಿ ನೋಟನ್ನು ಬಾಗಿಲ ಅಂಚಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ಮಳೆಗಾಲವಿಡೀ ತೇವ ಒಳಗೆ ನುಗ್ಗುತ್ತದೆ. ನಾಲ್ಕೂ ಬದಿಯಲ್ಲಿ ಹೀಗೆ ನೋಡಿ, ಸಡಿಲವಿದ್ದರೆ ಪಟ್ಟಿ ಬದಲಿಸಿ.

ಅಂಕಿಯನ್ನು ನಂಬುವ ಮೊದಲು

• ಕಪಾಟಿನೊಳಗಿನ ಆರ್ದ್ರತೆಯನ್ನು ಶೇ. 40ರಿಂದ 50ರ ನಡುವೆ ಇಡಿ. ಎಷ್ಟು ಎಂದು ಗೊಂದಲವಾದರೆ 45ಕ್ಕೆ ನಿಲ್ಲಿಸಿ ಮರೆತುಬಿಡಿ.

• ಒಣಗಿದಷ್ಟೂ ಒಳ್ಳೆಯದು ಎಂದು 25ಕ್ಕೆ ಇಳಿಸಬೇಡಿ. ತಿಂಗಳುಗಟ್ಟಲೆ ಅಷ್ಟು ಒಣಗಿದರೆ ರಬ್ಬರ್ ಬಿರುಸಾಗುತ್ತದೆ, ಹಳೆಯ ಕ್ಯಾಮೆರಾದ ಚರ್ಮ ಬಿರಿಯುತ್ತದೆ, ಫಿಲ್ಮ್ ಸುರುಳಿಗೊಂಡು ಮುರುಕಲಾಗುತ್ತದೆ. ಬೂಷ್ಟನ್ನು ತಡೆಯಲು ಅಷ್ಟು ಒಣಗಿಸುವ ಅಗತ್ಯವೇ ಇಲ್ಲ.

• ಬಾಗಿಲ ಮೇಲಿನ ಅಂಕಿ ಕಪಾಟಿನ ಒಂದು ಮೂಲೆಯ ಸುದ್ದಿ ಮಾತ್ರ. ಬೇರೆಯದೇ ಒಂದು ಸಣ್ಣ ಆರ್ದ್ರತೆಯ ಮಾಪಕ (ಹೈಗ್ರೋಮೀಟರ್) ಕೊಂಡು, ತೇವ ಹೀರುವ ಯಂತ್ರದಿಂದ ದೂರದ ತಟ್ಟೆಯಲ್ಲಿಡಿ. ಎರಡರ ನಡುವೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಕಪಾಟು ಅತಿಯಾಗಿ ತುಂಬಿದೆ, ಇಲ್ಲವೇ ಎರಡರಲ್ಲೊಂದು ಸುಳ್ಳು ಹೇಳುತ್ತಿದೆ.

• ಸುಳ್ಳು ಯಾವುದೆಂದು ಉಪ್ಪಿನಿಂದ ತಿಳಿಯಬಹುದು. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕರಗಿ ನೀರಾಗದೆ ಒದ್ದೆ ಮರಳಿನಂತೆ ನಿಲ್ಲುವಷ್ಟು ಮಾತ್ರ ನೀರು ಬೆರೆಸಿ. ಅದನ್ನೂ ಹೈಗ್ರೋಮೀಟರನ್ನೂ ಒಂದಕ್ಕೊಂದು ತಾಗದಂತೆ ಜಿಪ್ ಚೀಲದಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿ. ರಾತ್ರಿಯಿಡೀ ಬಿಟ್ಟರೆ ಒಳಗಿನ ಗಾಳಿ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 70 ತೋರಿಸಿದರೆ ಅದು 5 ಕಡಿಮೆ ಹೇಳುತ್ತಿದೆ ಎಂದರ್ಥ. ಆ ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ಬರೆದು ಮಾಪಕದ ಬೆನ್ನಿಗೇ ಅಂಟಿಸಿ.

• ಅಗ್ಗದ ಮಾಪಕಗಳು ಕಾಲ ಕಳೆದಂತೆ ದಾರಿ ತಪ್ಪುತ್ತವೆ. ಪ್ರತಿ ವರ್ಷ ಮಳೆ ಹಿಡಿಯುವ ಮುನ್ನ ಉಪ್ಪಿನ ಪರೀಕ್ಷೆ ಮತ್ತೆ ಮಾಡಿ.

ಒಳಗಿಡುವ ಮುನ್ನ

• ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಮಳೆಯಲ್ಲಿ, ಮಂಜಿನಲ್ಲಿ, ಕಡಲ ಗಾಳಿಯಲ್ಲಿ ದುಡಿದು ಬಂದ ಲೆನ್ಸನ್ನು ನೇರ ಕಪಾಟಿಗೆ ಸೇರಿಸಬೇಡಿ. ಅರೆ ಒಣಗಿದ ಅಡಿಕೆಯನ್ನು ಚೀಲಕ್ಕೆ ತುಂಬಿದರೆ ಏನಾಗುತ್ತದೆಂದು ಮಲೆನಾಡಿನ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಒಂದು ಒದ್ದೆ ಲೆನ್ಸ್ ಒಳಹೋದರೆ ಅದರ ತೇವವನ್ನು ಉಳಿದವೂ ಹಂಚಿಕೊಳ್ಳುತ್ತವೆ.

• ಮನೆಗೆ ಬಂದೊಡನೆ ಹೊರಮೈಯನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ. ಕಡಲ ತೀರದಿಂದ ಬಂದಿದ್ದರೆ ಮೊದಲು ಬಟ್ಟೆಯನ್ನು ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಆಮೇಲೆ ಒಣಬಟ್ಟೆ. ಉಪ್ಪು ಗಾಳಿಯ ತೇವವನ್ನು ತನ್ನತ್ತ ಎಳೆಯುತ್ತಲೇ ಇರುತ್ತದೆ.

• ಆಮೇಲೆ ಲೆನ್ಸನ್ನು ಕ್ಯಾಮೆರಾದಿಂದ ಬಿಡಿಸಿ, ಹುಡ್ ಕಳಚಿ, ಜೂಮ್ ಆಗಿದ್ದರೆ ಕೊಳವೆಯನ್ನು ಪೂರ್ತಿ ಹೊರಗೆಳೆದು ಒರೆಸಿ. ಮಳೆಹನಿ ಅಡಗಿ ಕೂರುವುದು ಆ ಕೊಳವೆಯ ಮೇಲೆ. ಅದನ್ನು ಹಾಗೆಯೇ ಒಳಗೆಳೆದರೆ ನೀರನ್ನು ಗಾಜುಗಳ ನಡುವೆ ಕೈಯಾರೆ ತಳ್ಳಿದಂತೆ.

• ಫ್ಯಾನಿನ ಕೆಳಗೆ ಕೆಲವು ಗಂಟೆ ಆರಲು ಬಿಡಿ. ಏಸಿ ಕೋಣೆ ಇದ್ದರೆ ಇನ್ನೂ ಒಳ್ಳೆಯದು, ಏಸಿ ಗಾಳಿಯ ತೇವವನ್ನು ತೆಗೆಯುತ್ತದೆ. ಹೇರ್ ಡ್ರೈಯರ್ ಬೇಡ. ಬಿಸಿಗೆ ಗ್ರೀಸು ಕರಗಿ ಡಯಾಫ್ರಮ್ಮಿನ ಎಲೆಗಳಿಗೆ ಹರಿಯುತ್ತದೆ.

• ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೆಚ್ಚಗಿರುತ್ತದೆ ಎಂದು ಹಳೆಮನೆಗಳಲ್ಲಿ ಹೇಳುವುದುಂಟು. ಬೀಜದ ಭತ್ತಕ್ಕೆ ಅದು ಸರಿ. ಲೆನ್ಸಿಗೆ ಹೊಗೆ, ಮಸಿ, ಎಣ್ಣೆಯ ಹಬೆ ಮೂರೂ ಮೆತ್ತಿ ಬೂಷ್ಟಿಗೆ ಊಟ ಬಡಿಸಿದಂತಾಗುತ್ತದೆ.

• ಏಸಿ ಕಾರಿನಿಂದ ಇಳಿದು ಸೆಕೆಗೆ ಕ್ಯಾಮೆರಾ ತೆರೆದರೆ ತಣ್ಣನೆ ಗಾಜಿನ ಮೇಲೆ ಹಬೆ ಕೂರುತ್ತದೆ. ಕಾರಿನಲ್ಲೇ ಜಿಪ್ ಚೀಲಕ್ಕೆ ಹಾಕಿ ಮುಚ್ಚಿ, ಹೊರಗೆ ತಂದ ಮೇಲೆ ಅರ್ಧ ಮುಕ್ಕಾಲು ಗಂಟೆ ತೆರೆಯದೆ ಕಾಯಿರಿ. ಹಬೆ ಚೀಲದ ಹೊರಮೈಗೆ ಕೂರುತ್ತದೆ, ಲೆನ್ಸ್ ಉಳಿಯುತ್ತದೆ.

• ಗಾಜನ್ನು ಬ್ಲೋವರಿನಿಂದ ಊದಿ, ಮೆತ್ತನೆ ಬ್ರಷ್ಷಿನಿಂದ ಸವರಿ, ಬೆರಳಚ್ಚು ಇದ್ದರೆ ಮಾತ್ರ ಲೆನ್ಸ್ ದ್ರವದ ಒಂದು ಹನಿಯನ್ನು ಮೈಕ್ರೋಫೈಬರ್ ಬಟ್ಟೆಗೆ ಹಾಕಿ ಒರೆಸಿ. ಹನಿಯನ್ನು ನೇರ ಗಾಜಿನ ಮೇಲೆ ಬಿಡಬೇಡಿ, ಅಂಚಿನಿಂದ ಒಳಗಿಳಿಯುತ್ತದೆ. ಬಾಯಿಂದ ಊದುವುದು ಬೇಡ, ಉಸಿರಿನ ಜೊತೆ ತೇವವೂ ಎಂಜಲೂ ಹೋಗುತ್ತವೆ. ಅಂಗಿಯ ಚುಂಗಂತೂ ಹತ್ತಿರವೇ ಬರಬಾರದು.

• ಕೊನೆಗೆ ಬ್ಯಾಟರಿ ತೆಗೆದು, ಲೆನ್ಸಿನ ಹಿಂದಿನ ಮುಚ್ಚಳವನ್ನು ಸಡಿಲವಾಗಿ ಹಾಕಿ ಒಳಗಿಡಿ. ಬಿಗಿಯಾಗಿ ತಿರುಗಿಸಿದರೆ ಒಳಗಿನ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ.

ಕಪಾಟಿನೊಳಗೆ ಇವು ಬೇಡ

• ಕ್ಯಾಮೆರಾ ಚೀಲ, ಚರ್ಮದ ಕೇಸು, ಬಟ್ಟೆಯ ಪಟ್ಟಿ, ಲೆನ್ಸ್ ಬಂದ ರಟ್ಟಿನ ಡಬ್ಬ. ಇವೆಲ್ಲ ತೇವ ಹೀರಿ ಹಿಡಿದಿಟ್ಟುಕೊಳ್ಳುವ ವಸ್ತುಗಳು. ಚರ್ಮಕ್ಕಂತೂ ಬೂಷ್ಟು ಎಲ್ಲಕ್ಕಿಂತ ಮೊದಲು ಹತ್ತುತ್ತದೆ. ಚೀಲಗಳನ್ನು ಬಿಸಿಲು ಬಂದ ದಿನ ಬಾಯಿ ತೆರೆದು ಒಣಗಿಸಿ ಬೇರೆ ಕಡೆ ಇಡಿ.

• ನುಸಿಗುಳಿಗೆ, ಕರ್ಪೂರ. ಇವುಗಳ ಆವಿ ಮುಚ್ಚಿದ ಜಾಗದಲ್ಲಿ ಗಾಜಿನ ಮೇಲೆ ಮತ್ತೆ ಹರಳುಗಟ್ಟುತ್ತದೆ. ಸೀರೆಯ ಬೀರುವಿನ ಪದ್ಧತಿಯನ್ನು ಲೆನ್ಸಿಗೆ ತರಬೇಡಿ.

• ಅಕ್ಕಿ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ತೇವ ಹೋಗುತ್ತದೆ ಎನ್ನುವ ಮಾತು ಎಲ್ಲೆಡೆ ಓಡಾಡುತ್ತಿದೆ. ಅಕ್ಕಿ ಹೀರುವುದು ಅಲ್ಪ, ಬಿಡುವ ಪುಡಿ ಬಹಳ. ಆ ಪುಡಿ ಬೂಷ್ಟಿಗೆ ಇಷ್ಟವಾದ ಪಿಷ್ಟ.

• ಕೆಲಸ ಮಾಡುತ್ತಿರುವ ಕಪಾಟಿನೊಳಗೆ ಹಳೆಯ ಸಿಲಿಕಾ ಜೆಲ್ ಪೊಟ್ಟಣಗಳು. ತೇವ ಕುಡಿದು ತುಂಬಿದ ಪೊಟ್ಟಣ ಒಣಗಾಳಿ ಸಿಕ್ಕೊಡನೆ ಆ ತೇವವನ್ನು ಅಲ್ಲೇ ಬಿಟ್ಟುಕೊಡುತ್ತದೆ. ಯಂತ್ರಕ್ಕೆ ಕೆಲಸ ಹೆಚ್ಚುತ್ತದೆ, ನಿಮಗೆ ಲಾಭವಿಲ್ಲ.

• ಹುಳಿ ವಾಸನೆ ಬರುವ ಹಳೆಯ ಫಿಲ್ಮ್. ಅಸಿಟೇಟ್ ಫಿಲ್ಮ್ ಕೊಳೆಯತೊಡಗಿದರೆ ವಿನೆಗರಿನ ವಾಸನೆ ಬರುತ್ತದೆ. ಆ ಆಮ್ಲದ ಆವಿ ಪಕ್ಕದ ಒಳ್ಳೆಯ ಫಿಲ್ಮನ್ನೂ ಕೆಡಿಸುತ್ತದೆ. ಅದನ್ನು ಪ್ರತ್ಯೇಕಿಸಿ, ಬೇಗ ಸ್ಕ್ಯಾನ್ ಮಾಡಿಸಿ.

ಮಳೆಗಾಲದ ದಿನಚರಿ

• ಬಾಗಿಲು ತೆರೆದಾಗಲೆಲ್ಲ ಹೊರಗಿನ ಶೇ. 85–90ರ ಗಾಳಿ ಒಳಗೆ ತುಂಬುತ್ತದೆ. ಅಂಕಿ ಮತ್ತೆ ಇಳಿಯಲು ಗಂಟೆಗಟ್ಟಲೆ ಬೇಕು. ಬೇಕಾದದ್ದನ್ನು ಮೊದಲೇ ಯೋಚಿಸಿ, ಒಮ್ಮೆ ತೆರೆದು ಎಲ್ಲ ತೆಗೆದುಕೊಂಡು ಮುಚ್ಚಿ. ದಿನವೂ ಬಳಸುವ ಲೆನ್ಸ್ ಬಾಗಿಲ ಬಳಿಯೇ ಇರಲಿ.

• ಘಟ್ಟದ ಊರುಗಳಲ್ಲಿ ಮರ ಬಿದ್ದು, ತಂತಿ ಕಡಿದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಹೊಸದಲ್ಲ. ಆಗ ಕಪಾಟನ್ನು ತೆರೆಯದಿರುವುದೇ ಮೊದಲ ಉಪಾಯ. ರಬ್ಬರ್ ಪಟ್ಟಿ ಗಟ್ಟಿಯಿದ್ದರೆ ಒಳಗಿನ ಒಣಗಾಳಿ ಬಹಳ ಹೊತ್ತು ನಿಲ್ಲುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಕಪಾಟಿನ ಪ್ಲಗ್ ಅದರ ಸಾಲಿಗೇ ಸೇರಿಸಿ, ಅದರ ಹೊರೆ ತೀರಾ ಕಡಿಮೆ.

• ಕರೆಂಟ್ ಇನ್ನೂ ಬರುವಂತಿಲ್ಲ, ಒಳಗಿನ ಮಾಪಕ 60ರತ್ತ ಏರುತ್ತಿದೆ ಎಂದಾದರೆ ಮಾತ್ರ ಆಗಷ್ಟೇ ಒಣಗಿಸಿದ ಸಿಲಿಕಾ ಜೆಲ್ ಕಾಲು ಕಿಲೋದಷ್ಟು ಒಳಗಿಡಿ. ಕರೆಂಟ್ ಬಂದ ದಿನವೇ ಹೊರತೆಗೆಯಿರಿ. ಈ ಹೊತ್ತಿಗೆಂದು ಒಂದು ಡಬ್ಬ ಜೆಲ್ ಒಣಗಿಸಿ ಬಿಗಿಮುಚ್ಚಳ ಹಾಕಿ ಮೇ ತಿಂಗಳಲ್ಲೇ ಸಿದ್ಧವಿಟ್ಟುಕೊಳ್ಳಿ.

• ಕೆಲಸವಿಲ್ಲದ ಲೆನ್ಸನ್ನೂ ಎರಡು ವಾರಕ್ಕೊಮ್ಮೆ ಹೊರತೆಗೆದು ಫೋಕಸ್, ಜೂಮ್ ಎರಡನ್ನೂ ಈ ತುದಿಯಿಂದ ಆ ತುದಿಗೆ ಕೆಲವು ಸಲ ತಿರುಗಿಸಿ. ಒಳಗೆ ನಿಂತ ಗಾಳಿ ಹೊರಟು ಹೊಸ ಗಾಳಿ ಬರುತ್ತದೆ, ಗ್ರೀಸೂ ಒಂದೆಡೆ ಗಟ್ಟಿಯಾಗುವುದಿಲ್ಲ. ಮಳೆ ಬಿಟ್ಟ ಒಣ ಮಧ್ಯಾಹ್ನ ಇದಕ್ಕೆ ಒಳ್ಳೆಯ ಹೊತ್ತು.

• ವಿಜಯಪುರ, ಕಲಬುರಗಿ, ರಾಯಚೂರಿನ ಗೆಳೆಯರಿಗೆ ಬೇಸಿಗೆಯಲ್ಲಿ ಕಪಾಟಿನ ಚಿಂತೆ ಇಲ್ಲ. ಅಲ್ಲಿ ಹೊರಗಿನ ಗಾಳಿಯೇ ಬೇಕಾದ್ದಕ್ಕಿಂತ ಒಣಗಿರುತ್ತದೆ. ನಿಮ್ಮ ಶತ್ರು ಧೂಳು, ಬಿಗಿಯಾದ ಡಬ್ಬವೊಂದು ಸಾಕು. ಆದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಮಾಪಕದ ಮೇಲೆ ಕಣ್ಣಿಡಿ.

ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡಿ

• ಕೋಣೆಯನ್ನು ಕತ್ತಲು ಮಾಡಿ, ಡಯಾಫ್ರಮ್ ಪೂರ್ತಿ ತೆರೆದು, ಮೊಬೈಲಿನ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಆಮೇಲೆ ತಿರುಗಿಸಿ ಎದುರು ದಿಕ್ಕಿನಿಂದಲೂ ನೋಡಿ. ಬೆಳಕು ನೇರ ಕಣ್ಣಿಗೆ ಹೊಡೆಯದಿರಲಿ.

• ಕಂಡದ್ದೆಲ್ಲ ಬೂಷ್ಟಲ್ಲ. ಬಿಡಿ ಬಿಡಿ ಚುಕ್ಕಿಗಳು ಧೂಳು, ಅವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇಡೀ ಗಾಜಿಗೆ ಸಮನಾಗಿ ಹರಡಿದ ಮಸುಕು ಗ್ರೀಸಿನ ಆವಿಯದ್ದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಎರಡು ಗಾಜುಗಳನ್ನು ಬೆಸೆದ ಅಂಟು ಬಿಡುತ್ತಿದೆ. ಕವಲೊಡೆದ ಸಣ್ಣ ಎಳೆಗಳು, ಬೇರಿನಂತೆ ಅಂಚಿನಿಂದ ನಡುವಿಗೆ ಹರಿಯುತ್ತಿದ್ದರೆ, ಅದೇ ಬೂಷ್ಟು.

• ಸಂಶಯವಿದ್ದರೆ ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದು ದಿನಾಂಕದೊಡನೆ ಇಟ್ಟುಕೊಳ್ಳಿ. ಮುಂದಿನ ತಿಂಗಳು ಮತ್ತೆ ತೆಗೆದು ಹೋಲಿಸಿ. ಬೆಳೆದಿದ್ದರೆ ಬದುಕಿದೆ. ಬೆಳೆಯದಿದ್ದರೆ ಹಳೆಯ ಗುರುತಿರಬಹುದು, ತಿಂಗಳಿಗೊಮ್ಮೆ ನೋಡುತ್ತಿರಿ.

• ಹಳೆಯ ಲೆನ್ಸ್ ಕೊಳ್ಳುವಾಗ ಅಂಗಡಿಯಲ್ಲೇ ಇದೇ ಪರೀಕ್ಷೆ ಮಾಡಿ, ಸಂಕೋಚ ಬೇಡ. ಮುಚ್ಚಳ ತೆಗೆದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಬೆಲೆ ಎಷ್ಟೇ ಇಳಿದಿದ್ದರೂ ಬಿಟ್ಟು ಬನ್ನಿ.

ಬೂಷ್ಟು ಕಂಡೇಬಿಟ್ಟರೆ

• ಗಾಬರಿ ಬೇಡ. ಒಂದೆರಡು ಎಳೆ ಚಿತ್ರದಲ್ಲಿ ಕಾಣುವುದೇ ಇಲ್ಲ. ಬೂಷ್ಟು ಹೆಚ್ಚಾದಾಗ ಎದುರು ಬೆಳಕಿನಲ್ಲಿ ಚಿತ್ರ ಮಂಕಾಗುತ್ತದೆ. ಆದರೆ ನಾಳೆ ನೋಡೋಣ ಎಂದು ತಳ್ಳಲೂಬೇಡಿ. ಆಮ್ಲಕ್ಕೆ ಸಿಗುವ ಪ್ರತಿ ವಾರವೂ ಗಾಜಿಗೆ ನಷ್ಟ.

• ಆ ಲೆನ್ಸನ್ನು ತಕ್ಷಣ ಕಪಾಟಿನಿಂದ ತೆಗೆದು, ಒಣಗಿಸಿದ ಸಿಲಿಕಾ ಜೆಲ್ ಜೊತೆ ಪ್ರತ್ಯೇಕ ಬಿಗಿ ಡಬ್ಬದಲ್ಲಿಡಿ. ಬೀಜಕಣ ಹೇಗೂ ಎಲ್ಲೆಡೆ ಇದ್ದೇ ಇವೆ ನಿಜ, ಹಾಗೆಂದು ರಾಶಿ ರಾಶಿಯಾಗಿ ಉದುರಿಸುವ ಲೆನ್ಸನ್ನು ಉಳಿದವುಗಳ ನಡುವೆ ಕೂರಿಸುವುದು ಜಾಣತನವಲ್ಲ.

• ಬೂಷ್ಟು ಹೊರಗಿನ ಗಾಜಿನ ಮೇಲಿದ್ದರೆ ಲೆನ್ಸ್ ದ್ರವದಿಂದ ನೀವೇ ಒರೆಸಬಹುದು. ಒಳಗಿದ್ದರೆ ಬಿಚ್ಚಬೇಡಿ. ಗಾಜುಗಳ ನಡುವಿನ ಅಂತರ, ಕೇಂದ್ರ ಕೂದಲೆಳೆ ತಪ್ಪಿದರೂ ಚಿತ್ರದ ಚೂಪು ಮತ್ತೆ ಬಾರದು. ಕೈಪಳಗಿದ ರಿಪೇರಿಯವರಲ್ಲಿ ಕೊಡಿ, ಕೊಡುವ ಮುನ್ನ ಖರ್ಚು ಕೇಳಿ.

• ಬಿಸಿಲಿಗಿಟ್ಟರೆ ಬೂಷ್ಟು ಸಾಯುತ್ತದೆ ಎಂದು ಲೆನ್ಸನ್ನು ಅಂಗಳದಲ್ಲಿಟ್ಟು ಹೋಗಬೇಡಿ. ಲೆನ್ಸ್ ಬಿಸಿಲನ್ನು ಒಂದೆಡೆ ಕೂಡಿಸಿ ಬಟ್ಟೆಗೆ, ಹುಲ್ಲಿಗೆ ಬೆಂಕಿ ಹೊತ್ತಿಸಬಲ್ಲದು. ಬಿಸಿಲಿನಲ್ಲಿ ಬೂಷ್ಟು ಸತ್ತರೂ ಅದರ ಎಳೆ ಗಾಜಿನ ಮೇಲೆಯೇ ಉಳಿಯುತ್ತದೆ.

• ಕಪಾಟನ್ನೂ ಶುಚಿಮಾಡಿ. ಪ್ಲಗ್ ಕಿತ್ತು, ಎಲ್ಲ ಹೊರತೆಗೆದು, ಕಿಟಕಿ ತೆರೆದು, ಮೂಗಿಗೆ ಮಾಸ್ಕ್ ಕಟ್ಟಿ, ತಟ್ಟೆಗಳನ್ನೂ ರಬ್ಬರ್ ಪಟ್ಟಿಯ ಸಂದುಗಳನ್ನೂ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಬೇಗ ಹೊತ್ತಿಕೊಳ್ಳುವ ದ್ರವ, ದೀಪ ಒಲೆಗಳಿಂದ ದೂರವಿರಲಿ. ಪೂರ್ತಿ ಆರಿದ ಮೇಲೆ ಒಂದು ದಿನ ಖಾಲಿ ಓಡಿಸಿ ಮತ್ತೆ ತುಂಬಿ.

• ರಿಪೇರಿಯಾಗಿ ಬಂದ ಲೆನ್ಸನ್ನು ಒಂದು ಮಳೆಗಾಲ ಕಳೆಯುವವರೆಗೆ ತಿಂಗಳಿಗೆ ಎರಡು ಸಲ ಟಾರ್ಚಿನಲ್ಲಿ ನೋಡಿ. ಮೂಲೆಯಲ್ಲಿ ಉಳಿದ ಒಂದು ಎಳೆ ಸಾಕು, ತೇವ ಸಿಕ್ಕರೆ ಮತ್ತೆ ಚಿಗುರುತ್ತದೆ.

ಕಪಾಟು ಕೊಳ್ಳಲಾಗದವರಿಗೆ

• ಕಪಾಟು ಇಲ್ಲವೆಂದು ಕೈಚೆಲ್ಲಬೇಕಿಲ್ಲ. ರಬ್ಬರ್ ಪಟ್ಟಿಯಿರುವ, ಕ್ಲಿಪ್ ಹಾಕುವ ಪ್ಲಾಸ್ಟಿಕ್ ಡಬ್ಬ, ಒಂದು ಹೈಗ್ರೋಮೀಟರ್, 10 ಲೀಟರಿನ ಡಬ್ಬಕ್ಕೆ 100–200 ಗ್ರಾಂ ಸಿಲಿಕಾ ಜೆಲ್. ಇಷ್ಟರಲ್ಲಿ ಎರಡು ಮೂರು ಲೆನ್ಸ್ ಚೆನ್ನಾಗಿ ಕಾಯಬಹುದು. ಅಂಕಿ 50 ದಾಟಿದಾಗ ಜೆಲ್ ಬದಲಿಸಬೇಕು, ಅಷ್ಟೇ ಶ್ರಮ.

• ನೀಲಿ ಜೆಲ್ ತೇವ ಕುಡಿದಾಗ ಗುಲಾಬಿಯಾಗುತ್ತದೆ, ಕಿತ್ತಳೆ ಬಣ್ಣದ್ದು ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ, ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಮಕ್ಕಳಿರುವ ಮನೆಗೆ ಕಿತ್ತಳೆಯದನ್ನೇ ತನ್ನಿ. ಓವನ್ನಿನಲ್ಲಿ 120 ಡಿಗ್ರಿ ಮೀರದಂತೆ ಎರಡು ಮೂರು ಗಂಟೆ ಕಾಯಿಸಿದರೆ ಜೆಲ್ ಮತ್ತೆ ಬಳಕೆಗೆ ಸಿದ್ಧ. ತಣಿದ ಮೇಲೆ ಒಳಗಿಡಿ. ಅಡುಗೆಯ ಪಾತ್ರೆಯನ್ನು ಇದಕ್ಕೆ ಬಳಸಬೇಡಿ.

• ಹಿಂದೆ ಮರದ ಪೆಟ್ಟಿಗೆಯಲ್ಲಿ ಸಣ್ಣ ಬಲ್ಬ್ ಉರಿಸಿ ಲೆನ್ಸ್ ಇಡುತ್ತಿದ್ದರು. ಅದರ ಹಿಂದಿನ ಲೆಕ್ಕ ಸರಿಯಾದದ್ದೇ. 25 ಡಿಗ್ರಿಯ ಶೇ. 90ರ ಗಾಳಿಯನ್ನು 32 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಆರ್ದ್ರತೆ ಶೇ. 60ರ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಅದಕ್ಕೆ ಬಿಸಿ ಕಾರುವ ಹಳೆಯ ತಂತಿ ಬಲ್ಬೇ ಬೇಕು, ಎಲ್ಇಡಿಯಿಂದ ಆಗದು. ಮರದ ಪೆಟ್ಟಿಗೆಯಲ್ಲಿ ಹಗಲಿರುಳು ಬಲ್ಬ್ ಉರಿಸುವ ಅಪಾಯಕ್ಕಿಂತ ಈಗ ಡಬ್ಬ, ಜೆಲ್‌ಗಳ ದಾರಿಯೇ ಮೇಲು.

ಲೆನ್ಸಿಗಿಂತ ಮೊದಲು ನೆಗೆಟಿವ್

• ನಿಮ್ಮ ಮನೆಯ ಬೀರುವಿನ ಮೇಲಿನ ಸೂಟ್‌ಕೇಸಿನಲ್ಲಿ ಅಜ್ಜ ಅಜ್ಜಿಯ, ಅಪ್ಪ ಅಮ್ಮನ ಮದುವೆಯ ನೆಗೆಟಿವ್‌ಗಳು ಇದ್ದೇ ಇರುತ್ತವೆ. ಫಿಲ್ಮಿನ ಮೇಲಿನ ಪದರ ಜೆಲಟಿನ್, ಬೂಷ್ಟಿಗೆ ಅದು ಹಬ್ಬದೂಟ. ಗಾಜಿನ ಮೇಲೆ ಗೆರೆ ಎಳೆಯುವ ಬೂಷ್ಟು ಫಿಲ್ಮಿನಲ್ಲಿ ಚಿತ್ರವನ್ನೇ ತಿಂದುಬಿಡುತ್ತದೆ.

• ಬೂಷ್ಟು ಹಿಡಿದ ನೆಗೆಟಿವನ್ನು ನೀರಿನಲ್ಲಿ ತೊಳೆಯಬೇಡಿ. ಬೂಷ್ಟು ಮೆದ್ದ ಜೆಲಟಿನ್ ನೀರಿಗೆ ಕರಗಿ, ಉಳಿದಿದ್ದ ಮುಖವೂ ಹರಿದು ಹೋಗುತ್ತದೆ. ಒಣಗಿಸಿ, ಮೆತ್ತನೆ ಬ್ರಷ್ಷಿನಿಂದ ಸವರಿ, ಮೊದಲು ಸ್ಕ್ಯಾನ್ ಮಾಡಿಸಿ.

• ಹಳೆಯ ಪಿವಿಸಿ ಹಾಳೆಗಳಿಂದ ತೆಗೆದು ಪಾಲಿಪ್ರೊಪಿಲೀನ್ ಹಾಳೆಗಳಿಗೆ ಹಾಕಿ, ಯಾರ ಚಿತ್ರ, ಯಾವ ವರ್ಷ ಎಂದು ಬರೆಯಿರಿ. ಹೆಸರು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಸಿ. ಶೇ. 40–45ರ ಕಪಾಟು ಫಿಲ್ಮಿಗೂ ಹಿತ.

• ಕಪಾಟಿನಲ್ಲಿ ಜಾಗ ಸಾಲದಾದರೆ ಲೆನ್ಸೊಂದನ್ನು ಜೆಲ್ ಡಬ್ಬಕ್ಕೆ ಕಳಿಸಿ, ನೆಗೆಟಿವ್ ಒಳಗಿಡಿ. ಲೆನ್ಸ್ ಮತ್ತೊಂದು ದುಡಿದು ಕೊಳ್ಳಬಹುದು. ನಿಮ್ಮಜ್ಜಿಯ ಇಪ್ಪತ್ತರ ವಯಸ್ಸಿನ ಮುಖ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.